ಸಖಿ, ಸಾಂತ್ವನ, ಸಹಾಯವಾಣಿ: ಮೂರೂ ಕಡೆ ಕೆಲಸ ಕಲಿತ ಮೇಲೆ

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವಾಗ ನನ್ನ ಫೀಲ್ಡ್ ವರ್ಕ್ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳಿಗೆ ನೆರವಾಗುವ ಮೂರು ಕಡೆ ನಡೆಯಿತು. ಮೊದಲು ಒಂದು ತಾಲ್ಲೂಕಿನ ಸಾಂತ್ವನ ಕೇಂದ್ರ. ಆಮೇಲೆ ಜಿಲ್ಲಾಸ್ಪತ್ರೆಯೊಂದರ ಆವರಣದಲ್ಲಿರುವ ಸಖಿ ಒನ್ ಸ್ಟಾಪ್ ಸೆಂಟರ್. ಕೊನೆಗೆ ಬೆಂಗಳೂರಿನ ಒಂದು ಸಂಸ್ಥೆಯ ಫೋನ್ ಸಹಾಯವಾಣಿ. ಈಗ ಜೂನಿಯರ್‌ಗಳು 'ಅಕ್ಕಾ, ಯಾವುದು ತಗೊಳ್ಳೋಣ?' ಅಂತ ಕೇಳುತ್ತಿದ್ದಾರೆ. ಅವರಿಗಾಗಿ ಇದು. ಬಂದ ಹೆಣ್ಣುಮಕ್ಕಳ ಗುರುತು ಸಿಗುವ ಯಾವ ವಿವರವನ್ನೂ ಇಲ್ಲಿ ಹಾಕಿಲ್ಲ.

ಮೂರು ಕಡೆಗೂ ಬರುವವರ ನೋವು ಒಂದೇ ಥರದ್ದು. ಆದರೆ ಅವರು ಬರುವ ಹೊತ್ತು ಬೇರೆ ಬೇರೆ. ಸಖಿಗೆ ಬರುವಾಗ ಏಟು ಬಿದ್ದು ಕೆಲವೇ ಗಂಟೆ ಆಗಿರುತ್ತದೆ. ಸಾಂತ್ವನಕ್ಕೆ ಬರುವವರು ವರ್ಷಗಟ್ಟಲೆ ಸಹಿಸಿ, ತವರಿನವರ ಹತ್ತಿರ ಹೇಳಿ, ಊರ ಹಿರಿಯರ ಹತ್ತಿರ ಹೇಳಿ, ಎಲ್ಲ ಮುಗಿದ ಮೇಲೆ ಬರುತ್ತಾರೆ. ಸಹಾಯವಾಣಿಗೆ ಫೋನ್ ಮಾಡುವವರಲ್ಲಿ ಎಷ್ಟೋ ಜನ ಇನ್ನೂ ಯಾರಿಗೂ ಹೇಳಿರುವುದಿಲ್ಲ. ನೀವೇ ಮೊದಲು ಕೇಳಿಸಿಕೊಳ್ಳುವವರು.

ಸಾಂತ್ವನ ಕೇಂದ್ರಕ್ಕೆ ದುಡ್ಡು ಕೊಡುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ನಡೆಸುವುದು ಸ್ವಯಂಸೇವಾ ಸಂಸ್ಥೆ. ಅಲ್ಲಿದ್ದ ಹಿರಿಯ ಆಪ್ತಸಮಾಲೋಚಕಿಗೆ ತಾಲ್ಲೂಕಿನ ಪ್ರತಿ ಹಳ್ಳಿಯೂ ಗೊತ್ತಿತ್ತು. ರಾತ್ರಿ ಹನ್ನೊಂದಕ್ಕೆ ಬಾಗಿಲು ತೆಗೆಯುವ ಆಶಾ ಕಾರ್ಯಕರ್ತೆ ಯಾರು, ಯಾವ ಅತ್ತಿಗೆ ಒಳ್ಳೆಯವಳು, ಎಲ್ಲ. ಕಾಲೇಜಲ್ಲಿ ಇದನ್ನು ಯಾರೂ ಕಲಿಸಲ್ಲ. ಒಬ್ಬರನ್ನೇ ಐದಾರು ಸಲ ಭೇಟಿಯಾಗುವ ಅವಕಾಶ ನನಗೆ ಸಿಕ್ಕಿದ್ದೂ ಅಲ್ಲಿ ಮಾತ್ರ. 'ಕೇಸ್ ಬೇಡ ಮೇಡಂ, ಅವರು ಕುಡಿಯೋದು ಬಿಟ್ರೆ ಸಾಕು' ಎನ್ನುವ ಮಾತನ್ನು ಮೊದಲ ವಾರದಲ್ಲೇ ಎಷ್ಟು ಸಲ ಕೇಳಿದೆನೋ!

ಆದರೆ ಅಲ್ಲಿ ನನ್ನನ್ನು ಬಹಳ ಕಾಡಿದ್ದು ರಾಜಿ. ಗಂಡನಿಗೆ ಫೋನ್ ಹೋಗುತ್ತದೆ. ಎರಡೂ ಮನೆಯವರು ಎದುರುಬದುರು ಕೂರುತ್ತಾರೆ. 'ಬಾಯಿ ಜಾಸ್ತಿ ಇವಳದ್ದು' ಅಂತ ಅವನು ಶುರು ಮಾಡುತ್ತಾನೆ. ಮುಂದಿನ ಒಂದು ಗಂಟೆ ಅವಳ ಬಾಯಿಯ ಬಗ್ಗೆಯೇ ಮಾತು. ಅವನ ಕೈಯ ಬಗ್ಗೆ ಅಲ್ಲ. ಕೊನೆಗೆ 'ಇನ್ನು ಮುಂದೆ ಹೊಡೆಯುವುದಿಲ್ಲ' ಅಂತ ಒಂದು ಮುಚ್ಚಳಿಕೆ, ಇಬ್ಬರ ಸಹಿ. ಅಂಥ ಒಂದು ಮುಚ್ಚಳಿಕೆಯನ್ನು ನನ್ನ ಕೈಯಾರೆ ಬರೆದಿದ್ದೆ. ಮೂರು ವಾರಕ್ಕೆ ಆಕೆ ಮತ್ತೆ ಬಂದರು. ಮಣಿಕಟ್ಟು ಊದಿಕೊಂಡಿತ್ತು.

ಅವತ್ತು ರಾತ್ರಿ ಕೂತು ಕೌಟುಂಬಿಕ ದೌರ್ಜನ್ಯ ಕಾಯ್ದೆಯ 2006ರ ನಿಯಮಗಳನ್ನು ಓದಿದೆ. ಮ್ಯಾಜಿಸ್ಟ್ರೇಟ್ ಕಳಿಸುವ ಸಮಾಲೋಚನೆ ಹೇಗಿರಬೇಕು ಅಂತ 14ನೇ ನಿಯಮ ಹೇಳುತ್ತದೆ. ಹೊಡೆದದ್ದಕ್ಕೆ ಅವನು ಕೊಡುವ ಸಮರ್ಥನೆಗೆ ಆ ಕೋಣೆಯಲ್ಲಿ ಜಾಗವೇ ಇಲ್ಲ. ರಾಜಿಗೆ ಪ್ರಯತ್ನಿಸುವುದೂ ಅವಳು ಬಯಸಿದರೆ ಮಾತ್ರ. ನಮ್ಮ ಕೇಂದ್ರದಲ್ಲಿ ನಡೆಯುತ್ತಿದ್ದದ್ದು ಕೋರ್ಟ್ ಕಳಿಸಿದ ಸಮಾಲೋಚನೆ ಅಲ್ಲ, ನಿಜ. ಆದರೂ ಅಲ್ಲಿಗೆ ಸರಿಯಾದದ್ದು ಇಲ್ಲಿಗೂ ಸರಿ ಅಲ್ವಾ? ಸಾಂತ್ವನಕ್ಕೆ ಹೋಗುವವರು ಆ ಒಂದು ಪುಟವನ್ನು ಓದಿಕೊಂಡೇ ಹೋಗಿ.

ಸಖಿಯಲ್ಲಿ ರಾಜಿಯ ಒತ್ತಡ ಇಷ್ಟು ಇರಲಿಲ್ಲ. ಮಹಿಳೆಯರ ಸುರಕ್ಷತೆಗೆಂದು ಕೇಂದ್ರ ಸರ್ಕಾರ ಇಟ್ಟಿರುವ ನಿರ್ಭಯಾ ನಿಧಿಯಿಂದ 2015ರಲ್ಲಿ ಶುರುವಾದ ಯೋಜನೆ ಇದು. ಚಿಕಿತ್ಸೆ, ಪೊಲೀಸ್, ವಕೀಲರು, ಸಮಾಲೋಚನೆ, ಐದು ದಿನದವರೆಗೆ ಉಳಿಯಲು ಜಾಗ, ಎಲ್ಲ ಒಂದೇ ಸೂರಿನಡಿ ಸಿಗಬೇಕು ಅನ್ನುವುದು ಉದ್ದೇಶ. ವ್ಯವಸ್ಥೆ ಹೇಗೆ ನಡೆಯುತ್ತದೆ ಅಂತ ಕಲಿಯಲು ನಾನು ಕಂಡಂತೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎಫ್‌ಐಆರ್ ಇಲ್ಲದಿದ್ದರೂ ಆಸ್ಪತ್ರೆ ಚಿಕಿತ್ಸೆ ಕೊಡಲೇಬೇಕು. ಅತ್ಯಾಚಾರಕ್ಕೆ ಒಳಗಾದವಳು ವೈದ್ಯಕೀಯ ಪರೀಕ್ಷೆ ಬೇಡ ಎಂದರೂ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಎರಡು ಬೆರಳಿನ ಪರೀಕ್ಷೆ (ಅತ್ಯಾಚಾರಕ್ಕೆ ಒಳಗಾದವಳ ಗುಪ್ತಾಂಗದಲ್ಲಿ ಬೆರಳಿಟ್ಟು ನೋಡುವುದು) ಮಾಡಿದವರು ದುರ್ನಡತೆಯ ಹೊಣೆ ಹೊರಬೇಕಾಗುತ್ತದೆ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಇವೆಲ್ಲ ನನಗೆ ಕ್ಲಾಸಿಗಿಂತ ಜಾಸ್ತಿ ಅರ್ಥವಾದದ್ದು ಆ ಕಾರಿಡಾರಿನಲ್ಲಿ ನಿಂತಾಗ.

ಸಮಾಲೋಚನೆ ಮಾತ್ರ ನಾನು ಅಲ್ಲಿ ಕಲಿಯಲಿಲ್ಲ. ಒಬ್ಬರನ್ನು ಒಂದು ಸಲ, ಹೆಚ್ಚೆಂದರೆ ಎರಡು ಸಲ ನೋಡುತ್ತೀರಿ. ಆಮೇಲೆ ಏನಾಯಿತು ಅಂತ ತಿಳಿಯುವುದಿಲ್ಲ. ಕೆಲವು ದಿನ ಯಾರೂ ಬರಲ್ಲ, ಸುಮ್ನೆ ರಿಜಿಸ್ಟರ್ ನಕಲು ಮಾಡುತ್ತಾ ಕೂರಬೇಕು. ಮೂರನೇ ದಿನವೇ ಒಬ್ಬ ಹುಡುಗಿಯ ಮುಂದೆ ನನ್ನನ್ನು ಕೂರಿಸಿ 'ಏನಾಯ್ತು ಕೇಳಿ ಬರ್ಕೊ' ಎಂದರು. ಅವಳು ಅದನ್ನು ಆಗಲೇ ಮೂರು ಜನಕ್ಕೆ ಹೇಳಿದ್ದಳು. ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ. ನಾನು ಪೆನ್ನು ಕೆಳಗಿಟ್ಟು 'ಊಟ ಆಯ್ತಾ?' ಅಂತ ಕೇಳಿದೆ. ಆಗಿರಲಿಲ್ಲ. ತರಿಸಿಕೊಟ್ಟೆ. ಉಳಿದದ್ದನ್ನು ಅಲ್ಲಿನ ಮೇಡಂ ಬಂದ ಮೇಲೆ ಮುಂದುವರಿಸಿದರು. ಇಷ್ಟು ಹಸಿಯಾದ ಗಾಯದ ಮುಂದೆ ಕಲಿಯುವವರನ್ನು ಒಂಟಿಯಾಗಿ ಕೂರಿಸುವುದು ತಪ್ಪು. ಇವತ್ತೂ ನನ್ನ ಮಾತು ಅದೇ. ಇನ್ನೊಂದು ವಿಷಯ. ಹದಿನೆಂಟು ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಹಾಗಾಗಿ 'ಯಾರಿಗೂ ಹೇಳಲ್ಲ' ಅಂತ ಮೊದಲೇ ಮಾತು ಕೊಡಬೇಡಿ.

ಸಹಾಯವಾಣಿಗೆ ಹೋಗುವಾಗ ಇದು ಸುಲಭದ ಕೆಲಸ ಅಂದುಕೊಂಡಿದ್ದೆ. ಮುಖ ಕಾಣದೆ ಏನು ಸಮಾಲೋಚನೆ ಅಂತಲೂ ಅನಿಸಿತ್ತು. ನಾನು ಕೇಳಲು ಕಲಿತದ್ದು ಅಲ್ಲೇ. ಮೊದಲ ಮೂರು ವಾರ ಫೋನ್ ಮುಟ್ಟಲು ಬಿಡಲಿಲ್ಲ. ಹಿರಿಯರ ಪಕ್ಕ ಕೂತು ಕೇಳಿಸಿಕೊಳ್ಳುವುದು ಮಾತ್ರ. ಆಮೇಲೆ ಫೋನ್ ತೆಗೆದ ಕೂಡಲೇ ಕೇಳಬೇಕಾದ ಪ್ರಶ್ನೆ ಕಲಿಸಿದರು: 'ಈಗ ಮಾತಾಡೋಕೆ ಆಗುತ್ತಾ? ಹೌದು, ಇಲ್ಲ ಅಂದ್ರೂ ಸಾಕು.' ಎರಡನೆಯದು: 'ಲೈನ್ ಕಟ್ ಆದ್ರೆ ನಾವು ವಾಪಸ್ ಮಾಡಬಹುದಾ?' ಬೇಡ ಎಂದರೆ ಮಾಡುವ ಹಾಗಿಲ್ಲ. ಫೋನ್ ಗಂಡನ ಕೈಯಲ್ಲಿದ್ದರೆ ನಮ್ಮ ಒಂದು ಕರೆಯೇ ಅವಳಿಗೆ ಇನ್ನೊಂದು ಏಟಾಗಬಹುದು.

ಅಲ್ಲಿ ನನ್ನ ಭಾಷೆಯೂ ತಿದ್ದಿಕೊಂಡಿತು. ಕ್ಲಾಸಿನಲ್ಲಿ ನಾವು ಟ್ರಾಮಾ, ಆಂಗ್ಸೈಟಿ ಎನ್ನುತ್ತೇವೆ. ಫೋನಿನಲ್ಲಿ ಬರುವುದು 'ಎದೆ ಹಾರುತ್ತೆ', 'ಕೈಕಾಲಲ್ಲಿ ಶಕ್ತಿನೇ ಇಲ್ಲ', 'ರಾತ್ರಿ ನಿದ್ದಿ ಹತ್ತಂಗಿಲ್ರೀ'. 'ಜೀವ ಸಾಕಾಗಿದೆ' ಅಂತ ಯಾರಾದರೂ ಹೇಳಿದರೆ ಅದನ್ನು ಮಾತಿನ ಓಟದಲ್ಲಿ ದಾಟಿಸಬಾರದು. 'ಸಾಯಬೇಕು ಅನ್ನಿಸ್ತಿದೆಯಾ?' ಅಂತ ನೇರವಾಗಿ ಕೇಳಬೇಕು. ಮೊದಲ ಸಲ ಕೇಳುವಾಗ ನನ್ನ ಗಂಟಲು ಕಟ್ಟಿತು. ಆ ಕಡೆಯಿಂದ ಬಹಳ ಹೊತ್ತು ಮೌನ. ಆಮೇಲೆ 'ಹೂಂ' ಬಂತು. ಅಲ್ಲಿಂದ ನಿಜವಾದ ಮಾತು ಶುರುವಾಯಿತು.

ಪ್ರತಿ ಶುಕ್ರವಾರ ಒಂದು ಗಂಟೆ ಸೂಪರ್‌ವಿಷನ್ ಇತ್ತು. ಯಾವ ಕರೆಯಲ್ಲಿ ನಾನು ಅವಸರ ಮಾಡಿದೆ, ಎಲ್ಲಿ ಸಲಹೆ ಕೊಟ್ಟುಬಿಟ್ಟೆ, ಯಾವ ಮಾತು ಮನೆಗೂ ನನ್ನ ಜೊತೆ ಬಂತು, ಎಲ್ಲ ಬಿಚ್ಚಿಡಬಹುದಿತ್ತು. ಸಾಂತ್ವನದಲ್ಲಿ ಇದಕ್ಕೆ ಬದಲು ಆ ಹಿರಿಯರ ಜೊತೆ ಟೀ ಕುಡಿಯುವಾಗಿನ ಮಾತು. ಅದೂ ದೊಡ್ಡದೇ, ಆದರೆ ಅವರು ರಜೆ ಹಾಕಿದರೆ ಅದೂ ಇಲ್ಲ. ಸಖಿಯಲ್ಲಿ ತಿಂಗಳಿಗೊಮ್ಮೆ ಕಾಲೇಜಿನ ಮೇಷ್ಟ್ರು ಬಂದು ಹಾಜರಾತಿ ನೋಡಿ ಹೋಗುತ್ತಿದ್ದರು, ಅಷ್ಟೇ.

ಫೋನಿನ ಕೊರತೆಯೂ ಹೇಳಬೇಕು. ಕೋರ್ಟ್, ಠಾಣೆ, ಡಿಐಆರ್ (ಕೌಟುಂಬಿಕ ದೌರ್ಜನ್ಯದ ಘಟನೆಯ ವರದಿ) ಫಾರಂ ಯಾವುದನ್ನೂ ಅಲ್ಲಿ ಕಣ್ಣಿಂದ ನೋಡಲ್ಲ. ಹೆಂಗಸೊಬ್ಬಳು 'ಸ್ಟೇಷನ್‌ಗೆ ಹೋದ್ರೆ ಏನ್ ಮಾಡ್ತಾರೆ?' ಎಂದಾಗ ನಾನು ಉತ್ತರ ಕೊಟ್ಟದ್ದು ಸಖಿಯ ಅನುಭವದಿಂದ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಸಹಾಯವಾಣಿಯಲ್ಲಿ ಸಣ್ಣ ಸ್ಟೈಪೆಂಡ್ ಸಿಕ್ಕಿತು, ಉಳಿದೆರಡು ಕಡೆ ಏನೂ ಇಲ್ಲ. ಸರ್ಕಾರಿ ಬಸ್ಸು ನಮಗೆ ಉಚಿತವಾದ್ದರಿಂದ ಓಡಾಟದ ಖರ್ಚು ಉಳಿಯಿತು.

ನನ್ನನ್ನು ಕೇಳಿದರೆ ಮೊದಲು ಸಹಾಯವಾಣಿ, ಆಮೇಲೆ ಸಖಿ. ಕೇಳಲು ಕಲಿತು ಆ ಕಾರಿಡಾರಿಗೆ ಹೋಗಿ. ನಾನು ಉಲ್ಟಾ ಹೋದೆ, ಅದರ ಬೆಲೆ ಕೊಟ್ಟವರು ಬೇರೆಯವರು. ಸಾಂತ್ವನವನ್ನು ಕೇಂದ್ರ ನೋಡಿ ಆರಿಸಿ. ಅರ್ಜಿ ಕೊಡುವ ಮೊದಲು ಒಂದು ದಿನ ಹೋಗಿ ಕೂತು ಬನ್ನಿ. ಹೆಂಗಸು ಒಳಗೆ ಬಂದಾಗ ಮೊದಲ ಪ್ರಶ್ನೆ ಯಾರ ಕಡೆಗೆ ಹೋಗುತ್ತದೆ ನೋಡಿ. 'ನಿಮಗೆ ಏನು ಬೇಕಮ್ಮಾ?' ಅಂತ ಅವಳನ್ನೇ ಕೇಳಿದರೆ ಅಲ್ಲೇ ಸೇರಿಕೊಳ್ಳಿ. 'ಗಂಡನ ನಂಬರ್ ಕೊಡಿ' ಅಂತ ಶುರುವಾದರೆ ಬೇರೆ ಕೇಂದ್ರ ಹುಡುಕಿ.