ಪದ್ಮಿನಿಯ ತೆಳು ತಗಡಿಗೆ ಯಾವ ಬೆಸುಗೆ: ಆರ್ಕ್, ಗ್ಯಾಸ್ ಮತ್ತು ಮಿಗ್

ಬೀದರಿನ ಗೆಳೆಯರೊಬ್ಬರು ತಮ್ಮ ಅಂಬಾಸಿಡರ್ ಕಾರಿನ ತಳವನ್ನು ತುಕ್ಕು ತಿಂದಿರುವ ಚಿತ್ರಗಳನ್ನು ಕಳುಹಿಸಿ, ಯಾವ ವೆಲ್ಡಿಂಗ್ ಯಂತ್ರ ಕೊಳ್ಳುವುದು ಒಳ್ಳೆಯದೆಂದು ಕೇಳಿದ್ದಾರೆ. ನಾನು ವೃತ್ತಿಯಿಂದ ವೆಲ್ಡರ್ ಅಲ್ಲ. ಕಲಬುರಗಿಯ ನಮ್ಮ ಮನೆಯಂಗಳದಲ್ಲಿ 1986ರ ಪ್ರೀಮಿಯರ್ ಪದ್ಮಿನಿಯೊಂದನ್ನು ಬಿಡುವಿನ ದಿನಗಳಲ್ಲಿ ದುರಸ್ತಿ ಮಾಡುತ್ತ, ಮೂರು ಬಗೆಯ ಬೆಸುಗೆಯನ್ನೂ (ವಿದ್ಯುತ್ತಿನಿಂದ ರಾಡ್ ಕರಗಿಸುವ ಆರ್ಕ್, ಜ್ವಾಲೆಯಿಂದ ಬೆಸೆಯುವ ಗ್ಯಾಸ್, ಅನಿಲದ ಮರೆಯಲ್ಲಿ ತಂತಿ ಕರಗಿಸುವ ಮಿಗ್) ಅದೇ ಗಾಡಿಯ ಮೇಲೆ ಪ್ರಯೋಗಿಸಿ ಕೆಡಿಸಿಕೊಂಡವನು, ಅಷ್ಟೆ. ಈ ಎರಡೂ ಕಾರುಗಳಿಗೆ ಬೇರೆ ಚಾಸಿಸ್ ಇಲ್ಲ. ತಳದ ತಗಡು ಮತ್ತು ಬಾಗಿಲ ಕೆಳಗಿನ ಪಟ್ಟಿಗಳೇ ಗಾಡಿಯ ಭಾರ ಹೊರುವುದರಿಂದ, ಅಲ್ಲಿ ಹಾಕುವ ಬೆಸುಗೆ ಬರೀ ಅಂದಕ್ಕಾಗಿ ಹಾಕುವಂಥದ್ದಲ್ಲ.

ಮನೆಯಲ್ಲಿ ಗೇಟು ರಿಪೇರಿಗೆಂದು ತಂದಿದ್ದ ಆರ್ಕ್ ಯಂತ್ರ ಇದ್ದೇ ಇತ್ತು, ಆದ್ದರಿಂದ ಮೊದಲು ಅದನ್ನೇ ಬಳಸಿದೆ. ತಳದ ತಗಡು ಅಳೆದರೆ 0.9 ಮಿ.ಮೀ., ತುಕ್ಕು ತಿಂದ ಕಡೆ ಅದರ ಅರ್ಧ. 2.5 ಮಿ.ಮೀ. ರಾಡ್ ಇಟ್ಟ ಕ್ಷಣವೇ ತೂತು ಬಿತ್ತು, 2 ಮಿ.ಮೀ. ರಾಡ್ ತಂದು, ಕರೆಂಟನ್ನು 50 ಆಂಪಿಯರ್‌ವರೆಗೆ ಇಳಿಸಿದರೂ ಒಂದು ತೂತು ಮುಚ್ಚಲು ಹೋಗಿ ಮೂರು ತೂತುಗಳಾದವು. ಮೇ ತಿಂಗಳ ಮಧ್ಯಾಹ್ನ ಓಣಿಯ ಕೂಲರುಗಳೆಲ್ಲ ಓಡುವ ಹೊತ್ತಿಗೆ ವೋಲ್ಟೇಜ್ ಬಿದ್ದು ರಾಡ್ ಅಂಟಿಕೊಳ್ಳುತ್ತಿದ್ದುದು ಬೇರೆ. ಜಾಕ್ ಹಚ್ಚುವ ದಪ್ಪ ಬ್ರ್ಯಾಕೆಟ್ಟಿಗೆ ಮಾತ್ರ ಆರ್ಕ್ ಚೆನ್ನಾಗಿ ಹಿಡಿಯಿತು, ಇನ್ನುಳಿದ ಕಡೆ ಅದನ್ನು ಮುಟ್ಟಲಿಲ್ಲ.

ಮುಂದಿನ ಫೆಂಡರನ್ನು ಬಿಚ್ಚಿ ಗ್ಯಾಸ್ ವೆಲ್ಡಿಂಗ್ ಮಾಡುವ ಹಿರಿಯ ಮಿಸ್ತ್ರಿಯೊಬ್ಬರ ಬಳಿ ಒಯ್ದೆ. ನನಗೂ ಟಾರ್ಚ್ ಕೊಟ್ಟರು. ನಾಲ್ಕು ಬೆರಳಿನಷ್ಟು ಉದ್ದಕ್ಕೆ ಒಂದೇ ಉಸಿರಿನಲ್ಲಿ ಬೆಸೆದೆ, ತಗಡು ಹಪ್ಪಳದಂತೆ ಎದ್ದಿತು. "ಸಾಹೇಬ್ರ, ತಗಡ ಕುಣಿಲಾಕತ್ತದ ನೋಡ್ರಿ, ಬಿಟ್ಟು ಬಿಟ್ಟು ಹಚ್ರಿ" ಎಂದು ಹೇಳಿ, ಸುತ್ತಲೂ ಒದ್ದೆ ಬಟ್ಟೆ ಇಟ್ಟು, ಬಿಸಿ ಇರುವಾಗಲೇ ಹಿಂದೆ ಡಾಲಿ (ಆಸರೆಯ ಕಬ್ಬಿಣದ ಗಟ್ಟಿ) ಹಿಡಿದು ಸುತ್ತಿಗೆಯಿಂದ ತಟ್ಟಿ ಅವರು ಅದನ್ನು ಸಮ ಮಾಡಿದರು. ಗ್ಯಾಸ್ ಬೆಸುಗೆ ಮೆದುವಾಗಿರುವುದರಿಂದ ಸುತ್ತಿಗೆಯ ಏಟಿಗೆ ಹರಡುತ್ತದೆ, ಮಿಗ್ ಬೆಸುಗೆ ಗಡಸಾಗಿ ಗ್ರೈಂಡರನ್ನೇ ಬೇಡುತ್ತದೆ. ಹೊರಗೆ ಕಾಣುವ ಬಾಗಿದ ತಗಡಿಗೆ ಇಂದಿಗೂ ನಾನು ಗ್ಯಾಸನ್ನೇ ಮೆಚ್ಚುತ್ತೇನೆ. ಆದರೆ ಅದು ನನ್ನ ಕೈಯ ಕೆಲಸವಲ್ಲ, ಆಕ್ಸಿಜನ್ ಮತ್ತು ಅಸಿಟಿಲೀನ್ ಸಿಲಿಂಡರುಗಳು ಮನೆಯಂಗಳದಲ್ಲಿ ಇಡುವ ವಸ್ತುಗಳೂ ಅಲ್ಲ.

ಕೊನೆಗೆ ಚಿಕ್ಕ ಮಿಗ್ ಯಂತ್ರ ಕೊಂಡೆ. ಸಿಲಿಂಡರಿನ ಗೊಡವೆ ಬೇಡವೆಂದು ಮೊದಲು ಫ್ಲಕ್ಸ್ (ಸುಟ್ಟು ತಾನೇ ಮರೆಯ ಅನಿಲ ಕೊಡುವ ಪುಡಿ) ತುಂಬಿದ ತಂತಿ ಹಾಕಿದಾಗ, ಕಿಡಿಗಳು ಜಾತ್ರೆಯ ಬಾಣ ಬಿರುಸಿನಂತೆ ಹಾರಿ, ಬೆಸುಗೆ ತಗಡಿನೊಳಗೆ ಇಳಿಯದೆ ಶೇಂಗಾ ಕಾಳುಗಳನ್ನು ಅಂಟಿಸಿದಂತೆ ಮೇಲೆಯೇ ಕುಳಿತಿತು. ಎರಡು ಭಾನುವಾರ ಯಂತ್ರವನ್ನೇ ಬೈದೆ. ತಪ್ಪು ನನ್ನದು: ಈ ತಂತಿಗೆ ಗನ್ ನೆಗೆಟಿವ್‌ನಲ್ಲಿರಬೇಕು, ಕಾರ್ಬನ್ ಡೈಆಕ್ಸೈಡ್ ಜೊತೆ ಬಳಸುವ, ಫ್ಲಕ್ಸ್ ಇಲ್ಲದ ಗಟ್ಟಿ ತಂತಿಗೆ ಪಾಸಿಟಿವ್‌ನಲ್ಲಿರಬೇಕು, ನಾನು ಪಾಸಿಟಿವ್‌ನಲ್ಲೇ ಬಿಟ್ಟಿದ್ದೆ. ಸರಿಪಡಿಸಿದ ಮೇಲೂ ಹೊಗೆ ಮತ್ತು ಸ್ಲ್ಯಾಗ್ (ಬೆಸುಗೆಯ ಮೇಲೆ ಉಳಿಯುವ ಕಿಟ್ಟ) ಹೆಚ್ಚೇ ಇದ್ದವು. ಸಿಲಿಂಡರ್ ತಂದು 0.8 ಮಿ.ಮೀ. ಗಟ್ಟಿ ತಂತಿ ಹಾಕಿದ ದಿನವೇ ಕೈ ಕುದುರಿತು. ಒಂದೊಂದು ಸೆಕೆಂಡಿನ ಟ್ಯಾಕ್ (ಚುಕ್ಕೆಯಂಥ ಬೆಸುಗೆ) ಹಾಕಿ, ಒಮ್ಮೆ ಈ ತುದಿ ಒಮ್ಮೆ ಆ ತುದಿ ಎಂದು ಜಿಗಿಯುತ್ತ, ನಡುವೆ ತಣಿಯಲು ಬಿಡುತ್ತ ಸಾಗಿದರೆ ತಗಡು ಏಳುವುದಿಲ್ಲ. ತೂತು ದೊಡ್ಡದಿದ್ದ ಕಡೆ ಹಿಂದೆ ಚಪ್ಪಟೆ ಮಾಡಿದ ತಾಮ್ರದ ಪೈಪ್ ಒತ್ತಿ ಹಿಡಿದೆ. ಕರಗಿದ ಉಕ್ಕು ತಾಮ್ರಕ್ಕೆ ಅಂಟದು. ಗಾಳಿ ಬೀಸುವ ಸಂಜೆ ಮಾತ್ರ ಅನಿಲ ಚದುರಿ ಬೆಸುಗೆ ಜೇನುಗೂಡಿನಂತಾಗುವುದರಿಂದ ತಾಡಪತ್ರಿ ಕಟ್ಟಲೇಬೇಕು.

ಗೆಳೆಯರಿಗೆ ಆದ್ದರಿಂದ ಮಿಗ್ ಎಂದೇ ಹೇಳಿದೆ, ಫೆಂಡರ್ ಇದ್ದರೆ ಮಿಸ್ತ್ರಿಗೆ ಕೊಡಿ ಎಂದೂ ಸೇರಿಸಿದೆ. ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಕಳಚಿ ದೂರವಿಟ್ಟ ಮೇಲೆಯೇ ಕಿಡಿ ಹಚ್ಚಬೇಕು. ತಳದ ಡಾಂಬರಿನ ಹೊದಿಕೆಯನ್ನು ಕೆರೆದು ತೆಗೆಯದೆ ಬೆಸೆದು, ನನ್ನ ಗಾಡಿಯೊಳಗೆ ಒಮ್ಮೆ ಬೆಂಕಿ ಹತ್ತಿ ಬಕೆಟ್ ಮರಳು ಸುರಿದದ್ದಿದೆ. ತೇಪೆಗೆ ಹಳೆಯ ಕೂಲರಿನ ತಗಡು ನಡೆಯುತ್ತದೆಯೇ ಎಂದು ಅವರು ಕೇಳಿದ್ದರು. ನಾನೂ ಅದನ್ನೇ ಮಾಡಿದ್ದೆ. ಅದರ ಮೇಲಿನ ಸತುವಿನ ಲೇಪ ಸುಟ್ಟ ಬಿಳಿ ಹೊಗೆ ಕುಡಿದು, ಆ ರಾತ್ರಿ ಸುಡುಬೇಸಿಗೆಯಲ್ಲಿ ಕಂಬಳಿ ಹೊದ್ದು ನಡುಗಿದೆ. ಲೇಪವಿಲ್ಲದ 20 ಗೇಜಿನ (ಸುಮಾರು 0.9 ಮಿ.ಮೀ. ದಪ್ಪದ) ಸಿ.ಆರ್., ಅಂದರೆ ಕೋಲ್ಡ್ ರೋಲ್ಡ್, ತಗಡನ್ನು ತೂಕದ ಮೇಲೆ ಕೊಳ್ಳಬಹುದು, ಒಂದು ಹಾಳೆಯಲ್ಲಿ ಅಂಬಾಸಿಡರಿನ ತಳದ ತೇಪೆಗಳೆಲ್ಲ ಮುಗಿಯುತ್ತವೆ.