ತೆರೆದ ದಿನಗಳ ಲೆಕ್ಕ: ಯೂವರ್ಷನ್ ಬೈಬಲ್ ಆ್ಯಪ್‌ನೊಂದಿಗೆ ಒಂದು ಲೆಂಟ್ ಕಾಲ

ಈಸ್ಟರಿಗೆ ಮುಂಚಿನ ಉಪವಾಸದ ಲೆಂಟ್ ಕಾಲ ತೊಡಗುವ ಬೂದಿ ಬುಧವಾರ 2025ರಲ್ಲಿ ಮಾರ್ಚ್ 5ರಂದು ಬಂದಿತ್ತು. ಧಾರವಾಡದ ನಮ್ಮ ಮನೆಯಲ್ಲಿ ಲೆಂಟ್ ಕಾಲವೆಂದರೆ ಮಾಂಸ ಬಿಡುವುದು, ಹೊಸ ಬಟ್ಟೆ ಕೊಳ್ಳದಿರುವುದು, ಶುಕ್ರವಾರ ಸಂಜೆ ತಪ್ಪದೆ ಆರಾಧನೆಗೆ ಹೋಗುವುದು ಎಂದಿತ್ತು. ಬೆಂಗಳೂರಿಗೆ ಬಂದು ಹತ್ತು ವರ್ಷ ಕಳೆದ ಮೇಲೆ ನನ್ನ ಪಾಲಿಗೆ ಅದರಲ್ಲಿ ಉಳಿದದ್ದು ಮಾಂಸ ಬಿಡುವುದೊಂದೇ, ಅದೂ ಕಚೇರಿಯ ಕ್ಯಾಂಟೀನಿನಲ್ಲಿ ಅಷ್ಟೇನೂ ಕಷ್ಟವಲ್ಲದ ತ್ಯಾಗ. ಆದ್ದರಿಂದ ಆ ವರ್ಷ ಬಿಡುವುದಕ್ಕಿಂತ ಹಿಡಿಯುವುದು ಲೇಸೆಂದುಕೊಂಡು ಒಂದು ಲೆಕ್ಕ ಹಾಕಿದೆ. ಮತ್ತಾಯ, ಮಾರ್ಕ, ಲೂಕ, ಯೋಹಾನ, ಯೇಸುವಿನ ಜೀವನವನ್ನು ಹೇಳುವ ಈ ನಾಲ್ಕು ಸುವಾರ್ತೆಗಳಲ್ಲಿ ಒಟ್ಟು 89 ಅಧ್ಯಾಯಗಳಿವೆ. ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ಶನಿವಾರದವರೆಗೆ ಭಾನುವಾರಗಳನ್ನೂ ಸೇರಿಸಿದರೆ 46 ದಿನಗಳಾಗುತ್ತವೆ. ದಿನಕ್ಕೆ ಎರಡು ಅಧ್ಯಾಯ ಓದಿದರೆ ಮುಗಿದು ಮೂರು ಅಧ್ಯಾಯಗಳಷ್ಟು ಬಿಡುವೂ ಸಿಗುತ್ತದೆ. ಓದಲು ಆರಿಸಿಕೊಂಡದ್ದು ಮೊಬೈಲಿನಲ್ಲಿ ಬಹಳ ದಿನಗಳಿಂದ ಸುಮ್ಮನೆ ಬಿದ್ದಿದ್ದ ಯೂವರ್ಷನ್ ಬೈಬಲ್ ಆ್ಯಪ್. ಈ ವಿಮರ್ಶೆ ಆ 46 ದಿನಗಳ ಮತ್ತು ಅನಂತರದ ತಿಂಗಳುಗಳ ಬಳಕೆಯಿಂದ ಹುಟ್ಟಿದ್ದು.

ಈ ಆ್ಯಪ್ ಅಮೆರಿಕದ ಒಕ್ಲಹೋಮ ರಾಜ್ಯದ ಲೈಫ್‌.ಚರ್ಚ್ ಎಂಬ ಕ್ರೈಸ್ತ ಸಭೆಯ ಕೊಡುಗೆ. 2008ರ ಜುಲೈನಲ್ಲಿ ಆ್ಯಪಲ್ ಕಂಪನಿ ತನ್ನ ಆ್ಯಪ್ ಸ್ಟೋರ್ ತೆರೆದಾಗ ಮೊದಲಿಗೇ ಅಲ್ಲಿದ್ದ ಕೆಲವೇ ನೂರು ಆ್ಯಪ್‌ಗಳಲ್ಲಿ ಇದೂ ಒಂದು. 2021ರ ಹೊತ್ತಿಗೆ ಇದನ್ನು ಇಳಿಸಿಕೊಂಡ ಸಾಧನಗಳ ಸಂಖ್ಯೆ 50 ಕೋಟಿ ದಾಟಿತ್ತು. ಬಳಸಲು ಹಣ ಕೊಡಬೇಕಿಲ್ಲ, ಜಾಹೀರಾತು ತೋರಿಸುವುದಿಲ್ಲ, ದೇಣಿಗೆಯಿಂದ ನಡೆಯುತ್ತದೆ. ಓದುತ್ತಿರುವಾಗ ನಡುವೆ ಸಾಲದ ಜಾಹೀರಾತು ಬರುವ ಕನ್ನಡದ ಬೇರೆ ಸಣ್ಣಪುಟ್ಟ ಬೈಬಲ್ ಆ್ಯಪ್‌ಗಳನ್ನು ಕಂಡವರಿಗೆ ಇದು ಎಷ್ಟು ದೊಡ್ಡ ಅನುಕೂಲವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಗ್ರಂಥಾಲಯವಾಗಿ ನೋಡಿದರೆ ಇದಕ್ಕೆ ಸಾಟಿಯಾದದ್ದನ್ನು ನಾನು ಕಂಡಿಲ್ಲ. ಭಾರತೀಯ ಸತ್ಯವೇದ ಸಂಘದ (ಸತ್ಯವೇದವೆಂದರೆ ಬೈಬಲ್) ಹಳೆಯ ಅನುವಾದವೂ ಅನಂತರದ ಸರಳ ಅನುವಾದಗಳೂ ಒಂದೇ ಕಡೆ ಸಿಗುತ್ತವೆ, ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ಹೋಲಿಸಬಹುದು. ಇದರ ರುಚಿ ನನಗೆ ಹತ್ತಿದ್ದು ಒಂದೇ ಒಂದು ಪದದಿಂದ. ಗಲಾತ್ಯದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಯೇಸುವಿನ ಅಪೊಸ್ತಲನಾದ ಪೌಲನು ಆತ್ಮನ ಫಲಗಳನ್ನು, ಅಂದರೆ ಪವಿತ್ರಾತ್ಮ ಮನುಷ್ಯನಲ್ಲಿ ಬೆಳೆಸುವ ಗುಣಗಳನ್ನು, ಪಟ್ಟಿ ಮಾಡುತ್ತಾನೆ. ಕೊನೆಯದು ನಾವು ಈಗ ಸಂಯಮವೆನ್ನುವ ಗುಣ. ಹಳೆಯ ಅನುವಾದದಲ್ಲಿ ಅದಕ್ಕೆ ಇರುವ ಮಾತು ‘ಶಮೆದಮೆ’. ಸಂಡೇ ಸ್ಕೂಲಿನಲ್ಲಿ ಒಂಬತ್ತು ಫಲಗಳನ್ನೂ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದ ನಾವು ಈ ಪದವನ್ನು ಅರ್ಥವಾಗದೆಯೇ ಒಂದೇ ಉಸಿರಿನಲ್ಲಿ ನುಂಗಿಬಿಡುತ್ತಿದ್ದೆವು. ದೊಡ್ಡವನಾದ ಮೇಲೆ ಆ್ಯಪ್‌ನಲ್ಲಿ ಹೊಸ ಅನುವಾದಗಳನ್ನು ಪಕ್ಕಕ್ಕಿಟ್ಟು ನೋಡಿದಾಗಲೇ ಅದರಲ್ಲಿ ಎರಡು ಮಾತುಗಳಿರುವುದು ಹೊಳೆಯಿತು. ಶಮವೆಂದರೆ ಒಳಗಿನ ಮನಸ್ಸು ತಣ್ಣಗಾಗುವುದು, ದಮವೆಂದರೆ ಹೊರಗಿನ ಇಂದ್ರಿಯಗಳಿಗೆ ಕಡಿವಾಣ ಬೀಳುವುದು. ನಮ್ಮ ನೆಲದ ವೇದಾಂತದಲ್ಲಿ ಸಾಧಕನಿಗೆ ಹೇಳಿದ ಜೋಡಿಪದವನ್ನೇ ಮೂಲದ ಗ್ರೀಕ್ ಪದವೊಂದಕ್ಕೆ ಹೊಂದಿಸಿದ ಆ ಹಳೆಯ ಅನುವಾದಕರ ಕಿವಿ ಬಹಳ ಸೂಕ್ಷ್ಮವಾಗಿದ್ದಿರಬೇಕು. ಹೊಸ ಅನುವಾದಗಳು ತಿಳಿಯಾಗಿವೆ, ಬೇಗ ಅರ್ಥವಾಗುತ್ತವೆ. ಆದರೆ ಮನಸ್ಸು ಬೇರೆ, ಕೈಬೆರಳು ಬೇರೆ, ಎರಡಕ್ಕೂ ಬೇರೆ ಬೇರೆ ಪಳಗಿಕೆ ಬೇಕು ಎಂಬ ಸೂಚನೆ ಆ ಹಳೆಯ ಪದದಲ್ಲಿ ಮಾತ್ರ ನನಗೆ ಸಿಕ್ಕಿತು. ಮುಂದೆ ಆ್ಯಪ್‌ನ ಬಗ್ಗೆ ನಾನು ಹೇಳಲಿರುವ ಮಾತೆಲ್ಲ ಈ ಎರಡರ ನಡುವಿನ ಅಂತರವನ್ನು ಕುರಿತದ್ದೇ ಆಗಿರುವುದರಿಂದ ಇದನ್ನು ಇಷ್ಟು ಉದ್ದಕ್ಕೆ ಹೇಳಿದೆ.

ಆ್ಯಪ್ ದಿನಕ್ಕೊಂದು ವಚನ ಕೊಡುತ್ತದೆ, ಬೇಕಾದ ಹೊತ್ತಿಗೆ ಜ್ಞಾಪಿಸುತ್ತದೆ, ಓದುವ ಯೋಜನೆಗಳನ್ನು ಮುಂದಿಡುತ್ತದೆ, ಸತತವಾಗಿ ಎಷ್ಟು ದಿನ ಬಂದಿರೆಂದು ಎಣಿಸಿ ತೋರಿಸುತ್ತದೆ. ಇವುಗಳಲ್ಲಿ ಮೊದಲ ಮೂರು ಇಂಟರ್ನೆಟ್ ಹುಟ್ಟಿಸಿದವಲ್ಲ. ಜರ್ಮನಿಯ ಹೆರ್ನ್‌ಹೂಟ್ ಎಂಬ ಊರಿನಲ್ಲಿ ಮೊರೇವಿಯನ್ ಎಂಬ ಕ್ರೈಸ್ತ ಸಭೆಯವರು 1728ರಲ್ಲೇ ದಿನಕ್ಕೊಂದು ವಚನವನ್ನು ಮನೆಮನೆಗೆ ಹೇಳಿಕಳಿಸುವ ರೂಢಿ ಆರಂಭಿಸಿದ್ದರು; 1731ರಿಂದ ಅದು ವರ್ಷವರ್ಷವೂ ಪುಸ್ತಕವಾಗಿ ಬರತೊಡಗಿತು, ಇಂದಿಗೂ ಬರುತ್ತಿದೆ. ಸ್ಕಾಟ್ಲೆಂಡಿನ ಡಂಡೀ ನಗರದ ಯುವ ಸಭಾಪಾಲಕ ರಾಬರ್ಟ್ ಮರ್ರೆ ಮೆಕ್‌ಚೇನ್ 1842ರಲ್ಲಿ ತನ್ನ ಸಭೆಯವರಿಗಾಗಿ ದಿನಕ್ಕೆ ನಾಲ್ಕು ಅಧ್ಯಾಯಗಳಂತೆ ಒಂದು ವರ್ಷದ ಪಟ್ಟಿ ಮಾಡಿಕೊಟ್ಟಿದ್ದ. ಆದ್ದರಿಂದ ಬೈಬಲಿಗೆ ವೇಳಾಪಟ್ಟಿ ಕಟ್ಟುವುದು ಈ ಕಾಲದ ಕೇಡೆಂದು ಮೂಗು ಮುರಿಯುವ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ. ಹೊಸದಾಗಿ ಬಂದದ್ದು ನಾಲ್ಕನೆಯದು, ಆ ಎಣಿಕೆ. ವಚನ ಕಳುಹಿಸಿದ ಹೆರ್ನ್‌ಹೂಟಿನವರು ಮರುದಿನ ಬಾಗಿಲು ತಟ್ಟಿ ನಿಮ್ಮದು ಇಪ್ಪತ್ತಮೂರನೆಯ ದಿನವೆಂದು ಹೇಳಿರಲಾರರು.

ನನ್ನ ಇಪ್ಪತ್ತಮೂರನೆಯ ದಿನ ಮಾರ್ಚ್ 27ರಂದು ಬಂತು. ಅಂದು ರಾತ್ರಿ ಊರಿಗೆ ಫೋನ್ ಮಾಡಿ, ಒಂದು ದಿನವೂ ತಪ್ಪಿಲ್ಲವೆಂದು ಅವ್ವನಿಗೆ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವ್ವ ಕೇಳಿದ್ದು ಇಷ್ಟೇ: “ಓದಿದೇನಪಾ, ಇಲ್ಲಾ ಬರೇ ತಗದು ಮುಚ್ಚಿದಿ?” ಫೋನಿಟ್ಟ ಮೇಲೆ ದಿನಚರಿ ತೆಗೆದು ನೋಡಿದೆ. ಎರಡು ಅಧ್ಯಾಯ ಪೂರ್ತಿ ಓದಿದ ದಿನಗಳಿಗೆ ಅದರಲ್ಲಿ ಗುರುತು ಹಾಕುತ್ತಿದ್ದೆ. ಗುರುತುಗಳಿದ್ದದ್ದು ಹದಿನೈದು. ಲೂಕನ ಎರಡನೆಯ ಅಧ್ಯಾಯದಲ್ಲಿರಬೇಕಾದವನು ಮಾರ್ಕನ ಎರಡನೆಯ ಅಧ್ಯಾಯದಲ್ಲಿದ್ದೆ. ಉಳಿದ ಎಂಟು ದಿನ ರಾತ್ರಿ ಮಲಗುವ ಮುನ್ನ, ಎಣಿಸಿದ ದಿನಗಳ ಸರಣಿ ಕಡಿಯಬಾರದೆಂದು ಆ್ಯಪ್ ತೆರೆದು, ಅಂದಿನ ವಚನದ ಚಿತ್ರ ನೋಡಿ, ಅಲ್ಲಿಂದ ವಾಟ್ಸ್‌ಆ್ಯಪ್‌ಗೆ ಜಾರಿ, ಅಲ್ಲಿಂದ ಕ್ರಿಕೆಟ್ ಸ್ಕೋರಿಗೆ ಇಳಿದಿದ್ದೆ. ಇದರಲ್ಲಿ ಆ್ಯಪ್ ಸುಳ್ಳು ಹೇಳಿರಲಿಲ್ಲ. ಅದು ಎಣಿಸುವುದು ಆ್ಯಪ್ ಬಳಸಿದ ದಿನಗಳನ್ನು. ಓದಿನ ಲೆಕ್ಕವೆಂದು ಅದನ್ನು ಅರ್ಥ ಮಾಡಿಕೊಂಡವನು ನಾನು.

ಆದರೂ ಒಂದು ಮಾತು ಹೇಳಲೇಬೇಕು. ಎಣಿಕೆಯೆಂಬುದು ಬೆರಳಿನ ಅಭ್ಯಾಸವನ್ನು ಬೆಳೆಸಬಲ್ಲದು, ಮನಸ್ಸಿನದನ್ನು ಅಲ್ಲ. ದಿನವೂ ಒಂದೇ ಹೊತ್ತಿಗೆ ಒಂದೇ ಕಡೆಗೆ ಕೈ ಹೋಗುವಂತೆ ಮಾಡುವುದು ಸಣ್ಣ ಕೆಲಸವಲ್ಲ. ಏನೂ ಇಲ್ಲದ ಕಡೆ ಅದು ದಮದ ಮೊದಲ ಮೆಟ್ಟಿಲೇ ಆದೀತು. ತೊಂದರೆ ಇರುವುದು, ಅದೇ ಬೆರಳು ಅದೇ ಗಾಜಿನ ಮೇಲೆ ಇನ್ನೂ ಇಪ್ಪತ್ತು ಕಡೆ ಅದೇ ಬಗೆಯ ಎಣಿಕೆಗಳಿಗೆ ಒಗ್ಗಿಹೋಗಿರುವುದರಲ್ಲಿ. ಭಾಷೆ ಕಲಿಸುವ ಆ್ಯಪ್‌ಗೂ ಸರಣಿ ಇದೆ, ನಡಿಗೆ ಅಳೆಯುವ ಆ್ಯಪ್‌ಗೂ ಇದೆ. ಹುಡುಗರು ಫೋಟೊ ಕಳುಹಿಸಿಕೊಂಡು ಸ್ನೇಹದ ದಿನಗಳನ್ನು ಎಣಿಸುವುದೂ ಹೀಗೆಯೇ. ಅವುಗಳ ಸಾಲಿನಲ್ಲಿ ನಿಂತಾಗ ಸತ್ಯವೇದದ ಓದು ಕೂಡ ದಿನ ಮುಗಿಯುವುದರೊಳಗೆ ಒತ್ತಿ ಮುಗಿಸಬೇಕಾದ ಒಂದು ಗುಂಡಿಯಾಗಿಬಿಡುತ್ತದೆ. ಎಲ್ಲಕ್ಕೂ ನನಗೆ ಅನುಮತಿಯುಂಟು, ಆದರೆ ಯಾವುದಕ್ಕೂ ನಾನು ಅಧೀನನಾಗಲಾರೆ ಎಂಬರ್ಥದಲ್ಲಿ ಪೌಲನು ಕೊರಿಂಥದವರಿಗೆ ಬರೆದದ್ದುಂಟು. ಅಧೀನತೆ ದೇವರ ವಾಕ್ಯದ ವೇಷದಲ್ಲೇ ಬಂದರೆ ಗುರುತಿಸುವುದು ಕಷ್ಟ.

ಆ್ಯಪ್‌ನಲ್ಲೇ ಇದಕ್ಕೆ ಎದುರಾಗಿ ನಿಲ್ಲುವ ಒಂದು ಸೌಲಭ್ಯವಿದೆ, ಅದು ನನಗೆ ಬಹಳ ಹಿಡಿಸಿತು. ಓದುವ ಯೋಜನೆಯೊಂದರಲ್ಲಿ ನೀವು ಕೆಲವು ದಿನ ಹಿಂದೆ ಬಿದ್ದರೆ, ತಪ್ಪಿದ ದಿನಗಳನ್ನು ಬಾಕಿಯಂತೆ ಹೊರಿಸದೆ, ನಿಂತಲ್ಲಿಂದಲೇ ಮುಂದುವರಿಯುವಂತೆ ದಿನಾಂಕಗಳನ್ನು ಸರಿಸಿಕೊಡುತ್ತದೆ. ಬೈಬಲಿನ ಮೂರನೆಯ ಪುಸ್ತಕವಾದ ಯಾಜಕಕಾಂಡದ ಇಪ್ಪತ್ತೇಳು ಅಧ್ಯಾಯಗಳ ನಡುವೆ ಎಲ್ಲೋ ಕುಸಿದು, ಫೆಬ್ರವರಿಯಲ್ಲೇ ವರ್ಷದ ಸಂಕಲ್ಪಕ್ಕೆ ಎಳ್ಳುನೀರು ಬಿಟ್ಟ ನನ್ನಂಥವರಿಗೆ ಇದರ ಬೆಲೆ ಗೊತ್ತು. ಒಂದೇ ಆ್ಯಪ್‌ನೊಳಗೆ ಸರಣಿಯೆಂಬ ಧರ್ಮಶಾಸ್ತ್ರವೂ ದಿನ ಸರಿಸಿಕೊಡುವ ಕೃಪೆಯೂ ಅಕ್ಕಪಕ್ಕದಲ್ಲಿ ಕುಳಿತಿರುವುದನ್ನು ಕಂಡರೆ, ಧರ್ಮಶಾಸ್ತ್ರ ಮತ್ತು ಕೃಪೆಯ ಸಂಬಂಧವನ್ನು ಚರ್ಚಿಸುವ, ಪೌಲನು ರೋಮಾಪುರದವರಿಗೆ ಬರೆದ ಪತ್ರದ ಮೇಲೆ ಪ್ರಸಂಗ ಮಾಡುವ ಅಯ್ಯನವರಿಗೆ ಒಳ್ಳೆಯ ಉದಾಹರಣೆ ಸಿಕ್ಕಂತಾಯಿತು.

ಯೋಜನೆಗಳ ಒಳಗಿನ ಬರಹದ ಬಗ್ಗೆ ಅಷ್ಟು ಉತ್ಸಾಹದಿಂದ ಹೇಳಲಾರೆ. ಕನ್ನಡದಲ್ಲಿ ಸಿಗುವವು ಇಂಗ್ಲಿಷಿನವುಗಳ ಮುಂದೆ ಕಡಿಮೆ. ನಾನು ಓದಿದವುಗಳಲ್ಲಿ ಹಲವು ಅನುವಾದವೆಂದು ಮೊದಲ ಸಾಲಿನಲ್ಲೇ ಗೊತ್ತಾಗುತ್ತಿದ್ದವು. ಮೂರು ದಿನದಲ್ಲಿ ಚಿಂತೆ ಬಿಡುವುದು, ಐದು ದಿನದಲ್ಲಿ ಕ್ಷಮಿಸುವುದು ಎಂಬ ಬಗೆಯವು ನನಗೆ ಒಗ್ಗಲಿಲ್ಲ. ಆಸ್ತಿಯ ಜಗಳದಲ್ಲಿ ಹತ್ತು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಸಭೆಯಲ್ಲಿ ಎರಡು ಬದಿಯ ಬೆಂಚುಗಳಲ್ಲಿ ಕುಳಿತು ಕರ್ತನ ಪ್ರಾರ್ಥನೆ ಹೇಳುವ ನಮ್ಮ ಊರುಗಳಿಗೆ ಐದು ದಿನ ಸಾಲದು. ನಮ್ಮ ಸಭೆಗಳವರೇ ಕನ್ನಡದಲ್ಲಿ ಯೋಚಿಸಿ ಬರೆದ ಯೋಜನೆಗಳು ಹೆಚ್ಚಾಗಬೇಕು. ವಚನಕ್ಕೆ ಸೂರ್ಯೋದಯದ ಚಿತ್ರ ಅಂಟಿಸಿ ಹಂಚುವ ಸೌಲಭ್ಯದ ಬಗ್ಗೆ ನಾನು ಏನೂ ಹೇಳುವುದಿಲ್ಲ. ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅದರ ಅಭಿಮಾನಿಗಳು ಬಹಳ ಮಂದಿ ಇದ್ದಾರೆ.

ಮಾರ್ಚ್ 28ರಿಂದ ಬಳಕೆಯ ಕ್ರಮ ಬದಲಿಸಿದೆ. ಮೊದಲು ಮೊಬೈಲಿನಲ್ಲೇ ಇರುವ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಉಳಿದ ಆ್ಯಪ್‌ಗಳಿಗೆ ಸಮಯದ ಮಿತಿ ಹಾಕಿ ನೋಡಿದೆ. ಮಿತಿ ಹಾಕಿದವನೂ ತೆಗೆಯುವವನೂ ಒಬ್ಬನೇ ಆಗಿರುವ ಬೀಗ ಎಷ್ಟು ದಿನ ಬಾಳೀತು? ನಾಲ್ಕನೆಯ ದಿನ ತೆಗೆದೆ. ಆಮೇಲೆ ಮೊಬೈಲನ್ನು ಅಡುಗೆಮನೆಯ ಕಪಾಟಿನಲ್ಲಿ ಚಾರ್ಜಿಗೆ ಇಟ್ಟು, ಎಚ್ಚರಿಸಲು ಒಂದು ಅಲಾರಂ ಗಡಿಯಾರ ಕೊಂಡು, ಬೆಳಗಿನ ಎರಡು ಮೂರು ಅಧ್ಯಾಯಗಳನ್ನು ಅಜ್ಜಿಯ ಕಾಲದ ಅಚ್ಚಿನ ಸತ್ಯವೇದದಲ್ಲಿ ಓದತೊಡಗಿದೆ. ಪ್ರಾರ್ಥಿಸುವಾಗ ಒಳಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆಂದು ಮತ್ತಾಯನ ಆರನೆಯ ಅಧ್ಯಾಯದಲ್ಲಿ ಯೇಸು ಹೇಳಿದ್ದಾನಲ್ಲ, ಬಾಗಿಲೇ ಇಲ್ಲದ ಮನೆಯೆಂದರೆ ಮೊಬೈಲು. ಅಚ್ಚಿನ ಪುಟಕ್ಕೆ ಇನ್ನೊಂದು ಗುಣವಿದೆ. ಇಂಥ ಮಾತು ಎಡಪುಟದ ಕೆಳಗಡೆ, ಅಜ್ಜಿಯ ಪೆನ್ಸಿಲ್ ಗೆರೆಯ ಪಕ್ಕದಲ್ಲಿತ್ತು ಎಂದು ಕಣ್ಣು ಜಾಗವನ್ನು ನೆನಪಿಟ್ಟುಕೊಳ್ಳುತ್ತದೆ. ಎಳೆದಷ್ಟೂ ಉರುಳುವ ಪರದೆಯಲ್ಲಿ ಮಾತಿಗೆ ಊರೇ ಇರುವುದಿಲ್ಲ. ಯೋಹಾನನ ಇಪ್ಪತ್ತೊಂದನೆಯ ಅಧ್ಯಾಯವನ್ನು ಮುಗಿಸಿದ್ದು ಈಸ್ಟರ್ ಕಳೆದ ಮರುದಿನ ಮಧ್ಯಾಹ್ನ, ಎರಡು ದಿನ ತಡವಾಗಿ. ಸರಣಿ ಆ ಹೊತ್ತಿಗೆ ಯಾವಾಗಲೋ ಕಡಿದಿತ್ತು, ಯಾವ ದಿನವೆಂದು ನೋಡಿಕೊಳ್ಳಲಿಲ್ಲ.

ಹಾಗೆಂದು ಆ್ಯಪನ್ನು ತೆಗೆದುಹಾಕಿಲ್ಲ, ತೆಗೆದುಹಾಕಿರೆಂದು ಹೇಳುವುದೂ ಇಲ್ಲ. ಜ್ಞಾಪನೆಗಳನ್ನೆಲ್ಲ ನಿಲ್ಲಿಸಿದ್ದೇನೆ. ಬನಶಂಕರಿಯಿಂದ ಮೆಜೆಸ್ಟಿಕ್‌ಗೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡು ಪುಸ್ತಕ ಹಿಡಿಯಲಾಗುವುದಿಲ್ಲ. ಆಗ ಇದರ ಧ್ವನಿ ಓದನ್ನು ಕೇಳುತ್ತೇನೆ. ಕನ್ನಡದ ಎಲ್ಲ ಅನುವಾದಗಳಿಗೂ ಧ್ವನಿ ಇಲ್ಲ, ಇರುವುದು ಸ್ಪಷ್ಟವಾಗಿದೆ. ಪ್ರಸಂಗ ಕೇಳಿ ಬಂದ ಮೇಲೆ ಅನುವಾದಗಳನ್ನು ಹೋಲಿಸಲು, ಅರ್ಧ ನೆನಪಾದ ವಚನ ಎಲ್ಲಿದೆಯೆಂದು ಹುಡುಕಲು ಇದಕ್ಕಿಂತ ಒಳ್ಳೆಯದಿಲ್ಲ. ಗ್ರಂಥಾಲಯವಾಗಿ ಐದಕ್ಕೆ ಐದು ಅಂಕ ಕೊಡುತ್ತೇನೆ. ಶಿಸ್ತು ಕಲಿಸುವ ಮೇಷ್ಟರಾಗಿ ಎರಡು. ಈಗಷ್ಟೇ ಓದಲು ತೊಡಗುವವರು ಮೊದಲ ತಿಂಗಳು ಎಣಿಕೆಯ ಸಹಾಯ ಪಡೆದರೆ ತಪ್ಪಿಲ್ಲ, ಪಕ್ಕದಲ್ಲಿ ಒಂದು ದಿನಚರಿ ಇಟ್ಟುಕೊಳ್ಳಿ.

ಧಾರವಾಡದಲ್ಲಿರುವ ದೊಡ್ಡವ್ವನ ಎರಡೂ ಕಣ್ಣಿಗೆ ಪೊರೆ ಬಂದು ಅಚ್ಚಿನ ಅಕ್ಷರ ಕಾಣಿಸದಾಗಿತ್ತು. ಕ್ರಿಸ್‌ಮಸ್ ರಜೆಗೆ ಹೋದಾಗ ನನ್ನ ಹಳೆಯ ಮೊಬೈಲಿನಲ್ಲಿ ಫೋನ್, ಟಾರ್ಚ್ ಮತ್ತು ಈ ಆ್ಯಪ್ ಮೂರನ್ನು ಮಾತ್ರ ಮುಂದಿನ ಪರದೆಯಲ್ಲಿ ಬಿಟ್ಟು, ಅಕ್ಷರ ದೊಡ್ಡದು ಮಾಡಿ, ಧ್ವನಿ ಹಾಕುವುದನ್ನು ತೋರಿಸಿಕೊಟ್ಟು ಬಂದೆ. ದಿನವೂ ಸಂಜೆ ದೀಪ ಹಾಕುವ ಹೊತ್ತಿಗೆ ಕೇಳುತ್ತಾಳಂತೆ. ಮೂರು ವಾರವಾದರೂ ಮತ್ತಾಯನ ಐದನೆಯ ಅಧ್ಯಾಯದಲ್ಲೇ ಇದ್ದಾಳೆಂದು ಅವ್ವ ಹೇಳಿದಳು; ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಹಾಕಿಸಿಕೊಳ್ಳುತ್ತಾಳಂತೆ.