ಬೋಟ್ ಎಳೆಯೋಕೆ ಯಾವ ಆಕ್ಸಲ್ ರೇಶಿಯೋ? 3.21, 3.55, 3.92 ಮೂರರಲ್ಲೂ ಎಳೆದು ನೋಡಿದ್ಮೇಲೆ

ಪಿಕಪ್ ತಗೊಳ್ತೀನಿ, ಬೋಟ್ ಎಳೀಬೇಕು ಅಂದ್ರೆ ಸಾಕು, ಕಣ್ಣು ಮುಚ್ಕೊಂಡು ದೊಡ್ಡ ನಂಬರಿನ ಆಕ್ಸಲ್ ತಗೋ ಅಂತ ಎಲ್ರೂ ಹೇಳ್ತಾರೆ. ನಂಗೆ ಆ ಮಾತು ಅರ್ಧ ಮಾತ್ರ ಸರಿ ಅನ್ಸುತ್ತೆ. ನನ್ನ ಟ್ರಕ್ಕು 3.55, ಭಾವಂದು 3.21, ಬೋಟಲ್ಲಿ ಪಾಲಿರೋ ಗೆಳೆಯಂದು 3.92. ಮೂರೂ ಒಂದೇ ಮಾಡೆಲ್ಲು, ಟರ್ಬೋ ಇಲ್ಲದ ವಿ8 ಎಂಜಿನ್ನು, ಎಂಟು ಗೇರಿನ ಆಟೋಮ್ಯಾಟಿಕ್ಕು, 32 ಇಂಚಿನ ಟೈರು. ಎಳೆದಿದ್ದೂ ಒಂದೇ ಬೋಟು, 22 ಅಡಿದು, ಟ್ರೇಲರ್ರು ಪೆಟ್ರೋಲು ಸಾಮಾನು ಎಲ್ಲ ಸೇರಿ ವೇಬ್ರಿಡ್ಜಲ್ಲಿ ಹೆಚ್ಚುಕಮ್ಮಿ 5,500 ಪೌಂಡು, ಅಂದ್ರೆ ಎರಡೂವರೆ ಟನ್ನು.

ಗೊತ್ತಿಲ್ಲದೋರಿಗೆ ಒಂದು ಮಾತು. 3.55 ಅಂದ್ರೆ ಚಕ್ರ ಒಂದು ಸುತ್ತು ಹಾಕೋಕೆ ಪ್ರೊಪೆಲರ್ ಶಾಫ್ಟು (ಗೇರ್‌ಬಾಕ್ಸಿಂದ ಆಕ್ಸಲ್‌ಗೆ ಹೋಗೋ ಉದ್ದ ರಾಡು) 3.55 ಸುತ್ತು ಹಾಕ್ಬೇಕು, ಆಕ್ಸಲ್ ಒಳಗಿನ ದೊಡ್ಡ ಹಲ್ಲುಚಕ್ರ ಕ್ರೌನಲ್ಲಿ 39 ಹಲ್ಲು, ಅದನ್ನ ತಿರುಗಿಸೋ ಸಣ್ಣ ಹಲ್ಲುಚಕ್ರ ಪಿನಿಯನಲ್ಲಿ 11 ಹಲ್ಲು ಇದ್ರೆ ಈ ನಂಬರ್ ಬರುತ್ತೆ. ನಂಬರ್ ದೊಡ್ಡದಾದಷ್ಟೂ ಚಕ್ರಕ್ಕೆ ಎಳೆತ ಜಾಸ್ತಿ, ಎಂಜಿನ್ ತಿರುಗೋದೂ ಜಾಸ್ತಿ. 3.21ರಿಂದ 3.92ಗೆ ಹೋದ್ರೆ ಅದೇ ಗೇರಲ್ಲಿ 22 ಪರ್ಸೆಂಟ್ ಹೆಚ್ಚು, 3.55ರಿಂದ 3.92ಗೆ ಬರೀ 10.

ಮೊದ್ಲು ಹೈವೇ ವಿಷ್ಯ, ಯಾಕಂದ್ರೆ ಎಲ್ರೂ ತಲೆ ಕೆಡಿಸ್ಕೊಳ್ಳೋದು ಅಲ್ಲೇ. ಗಂಟೆಗೆ 65 ಮೈಲಿ, ಬೋಟ್ ಹಿಂದೆ ಇದೆ, ಟೋ-ಹಾಲ್ ಮೋಡ್ (ಭಾರ ಎಳೆಯೋಕೆ ತಕ್ಕಂಗೆ ಗೇರ್ ಬದಲಾಯಿಸೋ ಸೆಟ್ಟಿಂಗು) ಆನ್. ಸ್ವಲ್ಪ ಏರು ಬಂದ್ರೆ ಸಾಕು ಭಾವನ 3.21 ಏಳನೇ ಗೇರ್ ಬಿಟ್ಟು ಆರಕ್ಕೆ ಬಂದು ಕೂತ್ಕೊಳ್ಳುತ್ತೆ, ಮೀಟರಲ್ಲಿ 2,200 ಆರ್‌ಪಿಎಂ ಆಸುಪಾಸು. ಅದೇ ಏರಲ್ಲಿ ಗೆಳೆಯನ 3.92 ಏಳನೇ ಗೇರಲ್ಲೇ ಆರಾಮಾಗಿ ಹೋಗುತ್ತೆ, ಆಹಾ ಎಂಥಾ ಎಳೆತ ಅನ್ಸುತ್ತೆ, ಆದ್ರೆ ಮುಳ್ಳು ನೋಡಿದ್ರೆ ಅದೂ 2,250! ಲೆಕ್ಕ ಹಾಕಿ ನೋಡಿ, ಈ ಗೇರ್‌ಬಾಕ್ಸಲ್ಲಿ ಆರನೇ ಗೇರು 1.00, ಏಳನೇದು 0.84. 3.21ನ ಒಂದರಿಂದ ಗುಣಿಸಿದ್ರೆ 3.21, 3.92ನ 0.84ರಿಂದ ಗುಣಿಸಿದ್ರೆ 3.29. ಚಕ್ರಕ್ಕೆ ಹೋಗೋ ಎಳೆತ ಹತ್ರಹತ್ರ ಒಂದೇ, ಡ್ಯಾಶ್‌ಬೋರ್ಡಲ್ಲಿ ಕಾಣೋ ಗೇರ್ ನಂಬರ್ ಮಾತ್ರ ಬೇರೆ. ಎಂಟು ಹತ್ತು ಗೇರ್ ಇರೋ ಕಾಲದಲ್ಲಿ ಹೈವೇಲಿ ಆಕ್ಸಲ್ ನಂಬರ್ ಮಾಡೋ ಕೆಲ್ಸ ಇಷ್ಟೇ, ಯಾವ ಗೇರಲ್ಲಿ ಕೂರ್ಬೇಕು ಅಂತ ತೀರ್ಮಾನ ಮಾಡೋದು.

ಹಳೇ ನಾಕು ಗೇರಿನ ಗಾಡಿಗಳಲ್ಲಿ ಹಂಗಿರ್ಲಿಲ್ಲ. ಟಾಪ್ ಗೇರ್ 0.70, ಅದರ ಕೆಳಗೆ ನೇರ 1.00, ಮಧ್ಯ ಏನೂ ಇಲ್ಲ, ಆಕ್ಸಲ್ ಸರಿ ಇಲ್ಲಾಂದ್ರೆ ಏರು ಮುಗಿಯೋವರೆಗೂ ಮೂರು ನಾಕು ಮೂರು ನಾಕು ಅಂತ ಒದ್ದಾಟ. ದೊಡ್ಡ ನಂಬರ್ ತಗೋ ಅನ್ನೋ ಸಲಹೆ ಗಟ್ಟಿಯಾಗಿದ್ದು ಆ ಕಾಲದಲ್ಲಿ ಅನ್ಸುತ್ತೆ.

ಹಂಗಂತ 3.21ಗೆ ಫುಲ್ ಮಾರ್ಕ್ಸ್ ಕೊಡ್ತಿಲ್ಲ. ನಿಂತಲ್ಲಿಂದ ಎತ್ತೋವಾಗ ಬಣ್ಣ ಬಯಲಾಗುತ್ತೆ, ಯಾಕಂದ್ರೆ ಒಂದನೇ ಗೇರಿಗಿಂತ ಕೆಳಗೆ ಇನ್ನೊಂದು ಗೇರಿಲ್ಲ. ಒಂದನೇ ಗೇರು 4.71, ಆಕ್ಸಲ್ ಸೇರಿಸಿ ಗುಣಿಸಿದ್ರೆ 3.21ಗೆ 15 ಚಿಲ್ರೆ, ನನ್ನದಕ್ಕೆ 16.7, 3.92ಗೆ 18.5. ಏರಲ್ಲಿರೋ ಸಿಗ್ನಲಲ್ಲಿ ನಿಂತು ಹೊರಟ್ರೆ ಭಾವನ ಟ್ರಕ್ಕು ಸೆಕೆಂಡ್ ಗೇರಲ್ಲಿ ಬಿಟ್ಟಂಗೆ ಮೇಲೇಳುತ್ತೆ. ಹೋಗುತ್ತೆ, ಹೋಗಲ್ಲ ಅಂತಲ್ಲ, ಆದ್ರೆ ಆಕ್ಸಿಲರೇಟರ್ ಜಾಸ್ತಿ ಒತ್ಬೇಕು. ರಿವರ್ಸ್ ಇನ್ನೂ ಬೇಜಾರು, ಅಲ್ಲಿರೋದೇ ಒಂದು ಗೇರು. ಬೋಟನ್ನ ಏರಿರೋ ಜಾಗಕ್ಕೆ ಹಿಮ್ಮುಖವಾಗಿ ತಳ್ಳೋವಾಗ ಒಂದೊಂದೇ ಇಂಚು ಸರಿಸ್ಬೇಕಲ್ಲ, 3.92 ಅಲ್ಲಿ ಬ್ರೇಕ್ ಮೇಲಿನ ಕಾಲು ಸ್ವಲ್ಪ ಸಡಿಲ ಮಾಡಿದ್ರೆ ತಾನಾಗೇ ತೆವಳುತ್ತೆ, 3.21 ಮೊದ್ಲು ಮುನಿಸ್ಕೊಂಡು ಆಮೇಲೆ ಜಗ್ ಅಂತ ನುಗ್ಗುತ್ತೆ, ಹಿಂದೆ ನಿಂತು ಕೈಸನ್ನೆ ಮಾಡೋರ ಎದೆ ಧಸಕ್ ಅನ್ನುತ್ತೆ.

ಬೋಟ್ ರ‍್ಯಾಂಪ್ ಕಥೆ ಬೇರೆನೇ. ಅಲ್ಲಿ ಸೋಲಿಸೋದು ಎಳೆತ ಅಲ್ಲ, ಪಾಚಿ. ಹಿಂದಿನ ಚಕ್ರ ನೀರಂಚಲ್ಲಿ ಒದ್ದೆ ಕಾಂಕ್ರೀಟ್ ಮೇಲಿರುತ್ತೆ, ಒಂದು ಚಕ್ರ ಜಾರಿ ಸುಮ್ನೆ ಗಿರಗಿರ ತಿರುಗೋಕೆ ಶುರುವಾದ್ರೆ 3.92 ಇದ್ರೇನು 4.10 ಇದ್ರೇನು, ಓಪನ್ ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಎಳೆತ ಹಂಚೋ, ಲಾಕ್ ಇಲ್ಲದ ಗೇರು) ಆದ್ರೆ ಗಾಡಿ ಅಲ್ಲೇ. ಎರಡೂ ಚಕ್ರ ಒಟ್ಟಿಗೇ ತಿರುಗಂಗೆ ಮಾಡೋ ಡಿಫರೆನ್ಷಿಯಲ್ ಲಾಕೋ (ಲಾಕರ್), ಒಂದೇ ಚಕ್ರ ಜಾಸ್ತಿ ಜಾರದಂಗೆ ತಡೆಯೋ ಲಿಮಿಟೆಡ್ ಸ್ಲಿಪ್ಪೋ ಇರ್ಬೇಕು, ಇಲ್ಲಾ ಫೋರ್ ವೀಲ್ ಡ್ರೈವ್ ಇರ್ಬೇಕು. ಫೋರ್-ಲೋ (ಫೋರ್ ವೀಲಿನ ನಿಧಾನದ ರೇಂಜು) ಹಾಕಿದ್ರೆ ಟ್ರಾನ್ಸ್‌ಫರ್ ಕೇಸು, ಅಂದ್ರೆ ಮುಂದಿನ ಹಿಂದಿನ ಆಕ್ಸಲ್‌ಗೆ ಎಳೆತ ಹಂಚೋ ಪೆಟ್ಟಿಗೆ, ಇನ್ನೊಂದು 2.64 ಗುಣಿಸುತ್ತೆ, ಆಗ ಒಂದನೇ ಗೇರಲ್ಲಿ ಭಾವನ 3.21 ಕೂಡ 40ರ ಹತ್ರ ಬಂತು, ಟೂ ವೀಲಲ್ಲಿ 3.92 ಕೊಡೋದಕ್ಕಿಂತ ಡಬಲ್‌ಗೂ ಜಾಸ್ತಿ. ದುಡ್ಡು ಒಂದಕ್ಕೇ ಸಾಕಾಗೋದು ಅಂದ್ರೆ ನಾನು ಆಕ್ಸಲ್ ನಂಬರ್ ಬಿಟ್ಟು ಲಾಕರ್ ತಗೊಳ್ತೀನಿ.

ಬೋಟ್ ಇಲ್ದೆ ಖಾಲಿ ಓಡಿಸೋವಾಗ 70 ಮೈಲಿಲಿ ಎಂಟನೇ ಗೇರು, 3.21ಗೆ 1,580, 3.92ಗೆ 1,930. ಗ್ಯಾಲನ್‌ಗೆ ಸುಮಾರು ಒಂದು ಮೈಲಿ ವ್ಯತ್ಯಾಸ ಕಂಡಿದೆ. ಎಳೆಯೋವಾಗ ಮೂರೂ ಒಂದೇ ತರ ಕುಡಿಯುತ್ವೆ, ಗಾಳಿಗೆ ಅಡ್ಡ ನಿಲ್ಲೋದು ಬೋಟು, ಅದಕ್ಕೆ ಆಕ್ಸಲ್ ಏನ್ ಮಾಡುತ್ತೆ.

ನನ್ನ ಲೆಕ್ಕದಲ್ಲಿ ಈ ತೂಕಕ್ಕೆ 3.55 ಸಾಕು, ಬೆಟ್ಟದ ದಾರಿ ಜಾಸ್ತಿ ಇದ್ದು ಬೋಟು 7,000 ಪೌಂಡ್ ದಾಟಿದ್ರೆ 3.92. ಇನ್ನೊಂದೇನಂದ್ರೆ ಕಂಪನಿ ಕೊಡೋ ಟೋ ರೇಟಿಂಗು (ಎಷ್ಟು ಭಾರ ಎಳೀಬಹುದು ಅನ್ನೋ ಮಿತಿ) ಆಕ್ಸಲ್ ಮೇಲೆ ಬದಲಾಗುತ್ತೆ, ಒಂದೇ ಟ್ರಕ್ಕಿಗೆ ಸಾವಿರಾರು ಪೌಂಡ್ ಹೆಚ್ಚುಕಮ್ಮಿ, ಹಂಗಾಗಿ ಬ್ರೋಷರಲ್ಲಿರೋ ದೊಡ್ಡ ಅಂಕಿ ನಿಮ್ಮ ಗಾಡಿದೇ ಅಂತ ಅಂದ್ಕೋಬೇಡಿ. ಟರ್ಬೋ ಎಂಜಿನ್ ಆದ್ರೆ ಕಮ್ಮಿ ಆರ್‌ಪಿಎಂಲೇ ಟಾರ್ಕ್ ಸಿಗೋದ್ರಿಂದ ಸಣ್ಣ ನಂಬರೂ ನಡೆಯುತ್ತೆ. ಸ್ಟೈಲ್‌ಗೆ 35 ಇಂಚಿನ ಟೈರ್ ಹಾಕೋರಿದ್ರೆ ಮಾತ್ರ ಹುಷಾರು, 32ರ ಜಾಗದಲ್ಲಿ 35 ಬಂದ್ರೆ 3.55 ಇದ್ದಿದ್ದು 3.25 ತರ ನಡ್ಕೊಳ್ಳುತ್ತೆ.

ಆಮೇಲೆ ಬದಲಾಯಿಸಿದ್ರಾಯ್ತು ಅನ್ನೋ ಪ್ಲಾನ್ ಬೇಡ. ಫೋರ್ ವೀಲ್ ಆದ್ರೆ ಮುಂದಿಂದೂ ಹಿಂದಿಂದೂ ಎರಡೂ ಕ್ರೌನ್ ಪಿನಿಯನ್ ಬದಲಾಯಿಸ್ಬೇಕು, ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಹಲ್ಲಿನ ಸಂದು ಸರಿಯಾಗಿ ಕೂರಿಸೋಕೆ ಕೈ ಪಳಗಿರೋ ಮೆಕ್ಯಾನಿಕ್ಕೇ ಬೇಕು, ಕಂಪ್ಯೂಟರಿಗೆ ಹೊಸ ನಂಬರ್ ತಿಳಿಸ್ಬೇಕು, ಹೊಸ ಗೇರ್ ಪಳಗೋವರೆಗೂ ಬೋಟ್ ಎಳೆಯಂಗಿಲ್ಲ. ಇಷ್ಟೆಲ್ಲ ಮಾಡಿದ್ರೂ ಕಂಪನಿ ರೇಟಿಂಗು ಮೊದ್ಲಿಂದೇ ಇರುತ್ತೆ. ಸೆಕೆಂಡ್ ಹ್ಯಾಂಡ್ ನೋಡ್ತಿದ್ರೆ ಮಾರೋರ ಬಾಯಿ ಮಾತು ನಂಬ್ಬೇಡಿ, ಡ್ರೈವರ್ ಬಾಗಿಲ ಚೌಕಟ್ಟಲ್ಲಿರೋ ಸ್ಟಿಕ್ಕರಲ್ಲಿ ಆಕ್ಸಲ್ ಕೋಡ್ ಇದ್ಯಾ ನೋಡಿ, ಇಲ್ಲಾಂದ್ರೆ ಚಾಸಿಸ್ ನಂಬರ್ ಕೊಟ್ಟು ಡೀಲರ್ ಹತ್ರ ಕೇಳಿ.